ಅರ್ಧ ವ್ಯಾಟ್

ಬೊ-ಕಾಯ್,

ನಿನ್ನ ಜಾಣತನ ಇವತ್ತು ಶಿನ್‌ಚುವಿನ ಪ್ರಯೋಗಾಲಯದಲ್ಲಿ ಎಲ್ಲರೆದುರು ಬಯಲಾಯಿತು. ತಾಮ್ರದ ತಂತಿಯಿಂದ ಫೈಬರ್‌ಗೆ ತಾನಾಗಿ ಬದಲಾಗಬೇಕಾದ ನಿನ್ನ ಈಥರ್ನೆಟ್ ಬೋರ್ಡು, ಫೈಬರ್‌ನಲ್ಲಿ ಚೂರು ಬೆಳಕು ಮಿನುಗಿದ್ದೇ ತಡ, ಚೆನ್ನಾಗಿ ನಡೆಯುತ್ತಿದ್ದ ತಾಮ್ರವನ್ನು ಕೈಬಿಟ್ಟು ಅತ್ತ ಜಿಗಿಯಿತು. ಆ ಬೆಳಕಿನಲ್ಲಿ ಮಾಹಿತಿಯೇ ಇರಲಿಲ್ಲ. ಮತ್ತೆ ಇತ್ತ, ಮತ್ತೆ ಅತ್ತ, ನಿಮಿಷಕ್ಕೆ ನಲವತ್ತು ಸಲ. ಯಂತ್ರ ಹಟ ಮಾಡದಿರಲಿ ಎಂದು ನಾವು ಮೇಲಿಡುವ ಹಸಿರು ತಿಂಡಿ ಪೊಟ್ಟಣಕ್ಕೂ ಅದು ಬಗ್ಗಲಿಲ್ಲ. ಹಸಿವಾಯಿತೆಂದು ಅಂಥ ಪೊಟ್ಟಣವನ್ನೂ ಹರಿದು ತಿಂದವನಲ್ಲವೇ ನೀನು!

"ಯಾರ್ರೀ ಇದನ್ನ ಮಾಡಿದ್ದು?" ಎಂದರು ನಮ್ಮ ನಿರ್ದೇಶಕಿ ಕಾಂಗ್.

"ಶೆನ್‌ಜೆನ್ ಕಂಪನಿಯಿಂದ ಕೆಲ್ಸಕ್ಕೆ ಕರೆದು ಫೋನ್ ಬಂದ ಮಾರನೇ ದಿನವೇ ಓಡಿಹೋದ್ನಲ್ಲ ಮೇಡಂ, ಆ ಮಹಾನುಭಾವ," ಎಂದೆ. ಎಲ್ಲರೂ ನಕ್ಕರು.

ಸಂಜೆಯೊಳಗೆ ತಿದ್ದಿದೆ. ಈಗ ಬೆಳಕು ಕಂಡರೆ ಸಾಲದು, ಅದು ಎರಡು ಸೆಕೆಂಡು ನಿಂತು ಸರಿಯಾಗಿ ಮಾತಾಡಬೇಕು; ಆಮೇಲಷ್ಟೇ ಬೋರ್ಡು ಅತ್ತ ಹೋಗುತ್ತದೆ. ಹನ್ನೊಂದು ವರ್ಷ ನನ್ನ ಪಕ್ಕದಲ್ಲೇ ಕೂತಿದ್ದರೂ ನಿನಗೆ ಇಷ್ಟು ಹೊಳೆಯಲಿಲ್ಲ.

ಕಾಂಗ್ ಬೋರ್ಡಿನ ನಕ್ಷೆಯ ಮೇಲೆ ಬೆರಳಿಟ್ಟರು. "ಯುನ್-ರು, ಫೈಬರ್‌ಗೆ ಹೋದ್ಮೇಲೂ ತಾಮ್ರದ ಕಡೆ ಯಾಕಮ್ಮ ಕರೆಂಟು? ಅರ್ಧ ವ್ಯಾಟ್ ದಂಡ. ಆಫ್ ಮಾಡು."

"ಅತ್ತ ಕತ್ತಲಾದ್ರೆ ವಾಪಸ್ ಬರೋಕೆ ಈ ಕಡೆ ಎಚ್ಚರ ಇರ್ಬೇಕಲ್ಲ, ಮೇಡಂ."

"ಅಲ್ಲೆಲ್ಲಿ ಕತ್ತಲಾಗುತ್ತೆ ಬಿಡು."

"ಹಾಗಂದ್ಕೊಂಡೇ ಎಲ್ಲರೂ ಹೋಗೋದು."

ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಕರೆಂಟು ಹಾಗೇ ಇರಲೆಂದು ನಕ್ಷೆಗೆ ಸಹಿ ಹಾಕಿದರು.

ನಾನು ಹೇಳಿದ್ದು ಬೋರ್ಡಿನ ವಿಷಯ. ಆ ಅರ್ಧ ವ್ಯಾಟ್‌ಗೂ ನೀನು ಲಾಯಕ್ಕಲ್ಲ.