ಪಟ್ಟಿಯಲ್ಲಿ ಬಿಟ್ಟುಹೋದ ತಿಂಗಳು

ತಾರೀಖು ಹದಿನೇಳು, ಗುರುವಾರ

ನಮ್ಮ ಮಾತಿನಮಲ್ಲಿಯ ತಾಯಿಗೆ,

ನೀನು ನಿನ್ನ ಅಕ್ಕನ ಮನೆ ಸೇರಿ ಏಳು ತಿಂಗಳಾದವು. ಕ್ಷೇಮ ವಿಚಾರಿಸುವ ಅಧಿಕಾರ ನನಗಿದೆಯೆಂದು ವಾದಿಸುವುದಿಲ್ಲ. ನಿನ್ನೆ ಮೀನುಗಾರಿಕೆ ಇಲಾಖೆಯ ಸಭೆಯಲ್ಲಿ ನಡೆದದ್ದನ್ನಷ್ಟೇ ಒಪ್ಪಿಸುತ್ತೇನೆ.

ಬಂಗುಡೆ ಮೀನು ಮೊಟ್ಟೆಯಿಡುವ ಕಾಲವೆಂದು ಬೋಟುಗಳನ್ನು ದಡದಲ್ಲಿ ನಿಲ್ಲಿಸುವ ಎರಡು ತಿಂಗಳ ನಿಷೇಧ, ಒಂದು ತಿಂಗಳು ತಡವಾಗಿ ಶುರುವಾಗುತ್ತಿದೆ ಎಂಬುದು ಮೀನಿನ ಸಂಶೋಧನೆಗೆ ಇಳಿದ ಮಗಳ ವಾದವಾಗಿತ್ತು. ಪ್ರತಿ ತಿಂಗಳೂ ಬೋಟುಗಳು ಮೀನಿಳಿಸುವ ದಕ್ಕೆಯಿಂದ ನಲವತ್ತು ಹೆಣ್ಣು ಮೀನು ತಂದು, ಹೊಟ್ಟೆ ಸೀಳಿ, ಮೊಟ್ಟೆಚೀಲವನ್ನು ತೂಗಿ, ಮೀನಿನ ತೂಕದಲ್ಲಿ ಅದು ನೂರಕ್ಕೆಷ್ಟು ಪಾಲು ಎಂದು ಬರೆದಿಡುತ್ತಿದ್ದಳು. ನಿಷೇಧದ ಹಿಂದಿನ ತಿಂಗಳಲ್ಲೇ ಚೀಲ ತುಂಬಿ, ಬೆರಳು ತಾಗಿದರೆ ಮೊಟ್ಟೆ ಸುರಿಯುತ್ತಿತ್ತು. "ಬಸುರೀನ ಬಲೆಗೆ ಬಿಟ್ಟು ಬಾಣಂತಿಗೆ ಕಾವಲು ಕೂತಿದೀರಿ" ಎಂದು ಹೋದ ವರ್ಷದ ಸಭೆಯಲ್ಲಿ ಅವಳು ಹೇಳಿದಾಗ ಬೋಟಿನವರೂ ನಕ್ಕಿದ್ದರು.

ನಗದವನು ನಾನೊಬ್ಬನೇ. ಬೋಟ್ ಮಾಲೀಕರ ಸಂಘದ ಕಾರ್ಯದರ್ಶಿಯಾಗಿ ಎದುರು ಸಾಲಿನಲ್ಲಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ಸುಮ್ಮನಿರಲಿಲ್ಲ. "ನಿಷೇಧದ ತಿಂಗಳುಗಳಲ್ಲಿ ದಕ್ಕೆಗೆ ಮೀನೇ ಬರುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಆ ಸಾಲುಗಳು ಖಾಲಿ. ಕಾಣದ ಮೀನು ಆಗಲೇ ಮೊಟ್ಟೆಯಿಟ್ಟು ಮುಗಿಸಿದೆಯೆಂದು ಹೇಗೆ ಹೇಳುತ್ತೀರಿ?" ಎಂದು ಕೇಳಿದೆ. ಹೆತ್ತ ಮಗಳನ್ನು ಬಹುವಚನದಲ್ಲಿ ಕೇಳಿದೆ. ಚಪ್ಪಾಳೆ ಬಿತ್ತು.

ಮನೆಗೆ ಬಂದು ಕೈ ತೊಳೆಯುತ್ತ, "ಅಪ್ಪಾ, ಆ ತಿಂಗಳ ಮೀನು ತಂದ್ರೆ ಸೋಲು ಒಪ್ಕೋತೀರಾ?" ಅಂದಳು. ತಂದ ಮೇಲೆ ನೋಡೋಣ ಅಂದೆ.

ನಿಷೇಧದ ಮೊದಲ ತಿಂಗಳಲ್ಲಿ ಇಲಾಖೆಯ ಅನುಮತಿ ಪಡೆದು, ಚಿಕ್ಕ ದೋಣಿಯ ಎಂಜಿನ್ ತಾನೇ ನಡೆಸಿಕೊಂಡು ಹೋದಳು. ಗಾಳಿಯ ತಿಂಗಳು. ದೋಣಿ ಮೂರನೆಯ ದಿನ ದಡ ಸೇರಿತು. ಅವಳು ಐದನೆಯ ದಿನ.

ನಿನ್ನೆ, ಸಂಘ ಬಿಟ್ಟವನಾಗಿ, ಅವಳ ಪಟ್ಟಿ ಹಿಡಿದು ನಾನು ನಿಂತೆ. ನಿಷೇಧವನ್ನು ಒಂದು ತಿಂಗಳು ಮೊದಲೇ ಶುರುಮಾಡಿ ಎಂದು ಬೇಡಿದೆ. ಹೊಸ ಕಾರ್ಯದರ್ಶಿ ನಾನೇ ಮಾತು ಕಲಿಸಿದವನು. "ತಪ್ಪು ತಿಳೀಬೇಡಿ ಸರ್, ಇದು ನಿಮ್ದೇ ಮಾತು" ಎನ್ನುತ್ತ ಹಳೆಯ ನಡಾವಳಿಯಿಂದ ನನ್ನ ಪ್ರಶ್ನೆಯನ್ನೇ ಓದಿದ. ಒಂದಕ್ಷರವನ್ನೂ ಬಿಡಲಿಲ್ಲ. "ನೀವ್ ಹೆಣೆದ ಬಲೆ ಭಾರಿ ಗಟ್ಟಿ ಬಿಡಿ" ಎಂದು ಹಿಂದಿನಿಂದ ಯಾರೋ ಅಂದರು. ಪಟ್ಟಿಯಲ್ಲಿ ಆ ಸಾಲುಗಳು ಇನ್ನೂ ಖಾಲಿ. ಮಡಚಿ ಕೂತೆ. ನಿಷೇಧ ಹಳೆಯ ತಾರೀಖಿಗೇ ನಿಂತಿತು.

ಇಂದು ಬೆಳಿಗ್ಗೆ ದಕ್ಕೆಗೆ ಹೋಗಿದ್ದೆ. ಬುಟ್ಟಿ ಬುಟ್ಟಿ ಬಂಗುಡೆ, ಹೊಟ್ಟೆ ಉಬ್ಬಿದವು. ಒಂದಕ್ಕೆ ಬೆರಳು ತಾಗಿಸಿದೆ. ಅವಳು ಹೇಳಿದಂತೆಯೇ ಸುರಿಯಿತು. ಹರಾಜು ನಡೆದೇ ಇತ್ತು. ಕೈ ಒರೆಸಿಕೊಂಡು ಬಂದೆ.

ಅವಳ ತಕ್ಕಡಿ ಇನ್ನೂ ಊಟದ ಮೇಜಿನ ಮೇಲಿದೆ. ಅದನ್ನು ಪಕ್ಕಕ್ಕೆ ಸರಿಸದೆಯೇ ಉಣ್ಣುತ್ತೇನೆ.

ಇಂತು,
ಅವಳ ಅಪ್ಪ

ತಾ.ಕ.: ದೋಣಿಯಲ್ಲಿದ್ದ ಐಸ್ ಪೆಟ್ಟಿಗೆ ಖಾಲಿಯಿತ್ತೆಂದು ನಿನಗೆ ಹೇಳಿದ್ದೆ. ಸುಳ್ಳು. ಐಸ್ ಕರಗಿತ್ತು; ಒಳಗೆ ಹನ್ನೊಂದು ಬಂಗುಡೆಗಳಿದ್ದವು. ಒಂದೊಂದರ ಬಾಲಕ್ಕೂ ನೂಲಿನಲ್ಲಿ ಕಟ್ಟಿದ ಚೀಟಿ, ಚೀಟಿಯ ಮೇಲೆ ಅವಳ ಕೈಬರಹದ ಸಂಖ್ಯೆ. ನೋಡಲಾರದೆ, ಒಂದರ ಹೊಟ್ಟೆಯನ್ನೂ ಸೀಳದೆ, ದಕ್ಕೆಯ ತುದಿಯಿಂದ ಎಲ್ಲವನ್ನೂ ನೀರಿಗೆ ಸುರಿದೆ. ಆ ತಿಂಗಳ ಮೀನನ್ನು ಅವಳು ತಂದಿದ್ದಳು.