ಫ್ರೇಮಿನ ದುಡ್ಡಷ್ಟೇ

ಮೈಸೂರು,
ಮಾರ್ಚ್ 34, 2189

ನನ್ನ ಮುತ್ತಜ್ಜಿಯ ಮುತ್ತಜ್ಜಿಯವರಾದ ಶ್ರೀಮತಿ ಪ್ರಫುಲ್ಲಾ ನಾಗಭೂಷಣ ಅವರ ಸನ್ನಿಧಿಗೆ, ತಮ್ಮ ವಂಶದ ಅತಿ ಕಿರಿಯ ಹಾಗೂ ಅತಿ ತರಲೆ ಕುಡಿಯಾದ ಕಾತ್ಯಾಯಿನಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಈಗ ಹಿಂದಿನ ಕಾಲಕ್ಕೂ ಅಂಚೆ ಹೋಗುತ್ತದೆ. ತೆರಿಗೆ ಲೆಕ್ಕ ಮಾರ್ಚ್ ಮೂವತ್ತೊಂದರೊಳಗೆ ಯಾರಿಗೂ ಮುಗಿಯದ ಕಾರಣ ಸರ್ಕಾರ ತಿಂಗಳಿಗೇ ನಾಲ್ಕು ದಿನ ಸೇರಿಸಿತು. ಈಗ ಮೂವತ್ತೈದರೊಳಗೂ ಯಾರಿಗೂ ಮುಗಿಯುವುದಿಲ್ಲ. ನನ್ನ ಮಾತುಗಳಲ್ಲಿ ಕೆಲವು ತಮಗೆ ವಿಚಿತ್ರವೆನಿಸಬಹುದು, ಕ್ಷಮಿಸಬೇಕು. ತಮ್ಮ ಕೆಲವು ಮಾತುಗಳೂ ನಮಗೆ ಕಷ್ಟ ಕೊಟ್ಟಿವೆ. ಈ ಪತ್ರ ಅದರ ಬಗ್ಗೆಯೇ.

ತಮ್ಮ ಲೆಕ್ಕದಲ್ಲಿ ಹೋದ ವಾರ ತಾವೊಂದು ಹುಲಿಯ ಪಟ ಕೊಂಡಿರಲ್ಲ, ನೋಡಲು ಬೆಕ್ಕಿನಂತಿರುವುದು, ಅದನ್ನು ಚಿಕ್ಕಮ್ಮ ಮಾರುತ್ತಿದ್ದಾಳೆ. ಬರೆದವನು ಮುಂದೆ ಬೆಕ್ಕಿನಂಥ ಹುಲಿಗಳಿಗಾಗಿಯೇ ಹೆಸರಾದ. ಚಿಕ್ಕಮ್ಮ ಇಪ್ಪತ್ತು ವರ್ಷ ಬೇರೆಯವರ ತೇಲುಗಾಡಿ ಓಡಿಸಿದವಳು. ತೇಲುಗಾಡಿ ಎಂದರೆ ನಿಮ್ಮ ಸಿಟಿ ಬಸ್ಸೇ, ಮರಗಳ ಮೇಲೆ ಹೋಗುತ್ತದೆ, ಚಿಲ್ಲರೆ ಮಾತ್ರ ಈಗಲೂ ಇರುವುದಿಲ್ಲ. ಪಟ ಮಾರಿ ಸ್ವಂತದ್ದೊಂದು ಗಾಡಿ ಕೊಳ್ಳುವುದು ಅವಳ ಆಸೆ. ಅಡ್ಡ ಬಂದಿರುವುದು ತೆರಿಗೆ.

ತೆರಿಗೆ ಬಂದ ಹಣಕ್ಕೆಲ್ಲ ಅಲ್ಲ, ಗಳಿಕೆಗೆ ಮಾತ್ರ. ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದರೆ ಉಳಿಯುವುದೇ ಗಳಿಕೆ. ಪಟದ ಬೆಲೆ ಗೋಡೆಯ ಮೇಲಿದ್ದಾಗ ಎಷ್ಟು ಏರಿದರೂ ಯಾರೂ ಕೇಳಲಿಲ್ಲ; ಮಾರಿದ ದಿನ ಕೇಳುತ್ತಾರೆ. ತಲೆಮಾರಿನಿಂದ ತಲೆಮಾರಿಗೆ ಹಾಗೆಯೇ ಬಂದದ್ದಾದರೆ, ಮೊದಲು ಕೊಂಡವರು ಕೊಟ್ಟ ಬೆಲೆಯೇ ನಮ್ಮದೂ. ನಮ್ಮ ಕಾಲದ ಕಾನೂನು ಆ ಹಳೆಯ ಬೆಲೆಯನ್ನು ಇಂದಿನ ಹಣಕ್ಕೆ ಹಿಗ್ಗಿಸಿಯೂ ಕೊಡುತ್ತದೆ. ಆದ್ದರಿಂದ ತಾವು ಎಷ್ಟು ಹೆಚ್ಚು ಕೊಟ್ಟಿರುತ್ತೀರೋ ಚಿಕ್ಕಮ್ಮನಿಗೆ ಅಷ್ಟು ಒಳ್ಳೆಯದು.

ಈ ವ್ಯವಹಾರ ನೋಡುವ ಕಚೇರಿಯ ಹೆಸರು ಬಂಡವಾಳ ಬಯಲು. ಅಲ್ಲಿನ ಅಧಿಕಾರಿ ಪುಟ್ಟಮಾದಯ್ಯನವರು ನಿನ್ನೆ ಮನೆಗೆ ಬಂದು ಹಜಾರದ ಗೋಡೆಗೆ ಗೋಡೆಗಿವಿ ಹಿಡಿದರು. ಹಳೆಯ ಗಾರೆ ಹೀರಿಕೊಂಡ ಮಾತುಗಳನ್ನು ಮರಳಿ ನುಡಿಸುವ ಸಾಧನ ಅದು. ಅದು ಬಂದಮೇಲೆ ಹಳೆಯ ಮನೆ ಕೊಳ್ಳುವವರೂ ಕಡಿಮೆ, ಮದುವೆಯಾಗುವವರೂ ಕಡಿಮೆ. ನಾವೆಲ್ಲ ಕೈಕಟ್ಟಿ ನಿಂತು ಕೇಳಿದೆವು. ಮೊದಲು ನಾಗಭೂಷಣ ತಾತನ ದನಿ:

"ಎಷ್ಟಾಯ್ತೇ ಇದು?"

ಆಮೇಲೆ ತಮ್ಮದು:

"ಅಯ್ಯೋ, ಏನಿಲ್ಲ ಕಣ್ರೀ. ಫ್ರೇಮಿನ ದುಡ್ಡಷ್ಟೇ. ಪಟ ಹಾಗೇ ಕೊಟ್ಟುಬಿಟ್ಟ."

"ಹಾಗೇ ಕೊಡೋ ಹಂಗೇ ಇದೆ ಬಿಡು. ಬೆಕ್ಕಿಗೆ ಯಾಕೆ ಪಟ್ಟೆ ಬಳಿದವನೆ?"

ಪುಟ್ಟಮಾದಯ್ಯನವರು ನಗಲಿಲ್ಲ. "ಅಜ್ಜಿ ಬಂಡವಾಳ ಬಯಲಾಯ್ತಲ್ಲ ತಾಯಿ. ಕೊಂಡ ಬೆಲೆ ಸೊನ್ನೆ. ಸೊನ್ನೇನ ಎಷ್ಟು ಹಿಗ್ಗಿಸಿದ್ರೂ ಸೊನ್ನೇನೇ. ಗೋಡೆಗಿವಿ ಇಲ್ಲೇ ಇರಲಿ, ನಾಳಿದ್ದು ಬರ್ತೀನಿ, ಬೇರೆ ಮಾತು ಸಿಕ್ಕಿದ್ರೆ ಕೇಳಿಸಿ" ಎಂದರು.

ಗಂಡನಿಗೆ ಬೆಲೆ ಇಳಿಸಿ ಹೇಳುವ ಕಲೆ ಈಗಲೂ ನಮ್ಮಲ್ಲಿ ಜೀವಂತವಾಗಿದೆ. ದೂರುವ ಯೋಗ್ಯತೆ ಈ ವಂಶದಲ್ಲಿ ಯಾರಿಗೂ ಇಲ್ಲ. ಅವರು ಹೋದಮೇಲೆ ನಾನು ತಮಾಷೆಗೆಂದು ಮತ್ತಷ್ಟು ಕೇಳುತ್ತಾ ಕುಳಿತೆ. ಆಗ ಒಂದು ಸಂಗತಿ ಗಮನಕ್ಕೆ ಬಂತು. ಪಟ ಬರುವ ಮೊದಲು ಆ ಗೋಡೆಯಲ್ಲಿ ತಮ್ಮ ಪ್ರತಿ ಮಾತಿನ ಹಿಂದೆ ಬಳೆಗಳ ಸದ್ದಿದೆ. ಪಟ ಬಂದಮೇಲೆ ಇಲ್ಲ. ಚಿಕ್ಕಮ್ಮನಿಗೆ ಕೇಳಿಸಿದೆ. ಅವಳು ತನ್ನ ಬರಿಗೈ ನೋಡಿಕೊಂಡು, "ಬೆಕ್ಕಿಗೋಸ್ಕರ ಬಳೆ ಮಾರಿದ್ದಾಳೆ, ಹುಚ್ಚಿ. ಅದು ಅಷ್ಟು ಇಷ್ಟವಾಗಿತ್ತೇನೋ" ಎಂದಳು. ತಮಾಷೆ ಮಾಡಬೇಕೆನಿಸಲಿಲ್ಲ. ಆದರೆ ಕೇಳಿಸದ ಬಳೆ ಬಂಡವಾಳ ಬಯಲಿನಲ್ಲಿ ಸಾಕ್ಷಿಯಾಗುವುದಿಲ್ಲ.

ಆದ್ದರಿಂದ ಒಂದೇ ಕೋರಿಕೆ. ತಾತ ತರಕಾರಿಗೆ ಹೋದಾಗ ಆ ಪಟದ ಮುಂದೆ ನಿಂತು ನಿಜವಾದ ಬೆಲೆ ಒಮ್ಮೆ ಹೇಳಿ. ಮೆಲ್ಲಗೆ ಹೇಳಿದರೂ ಸಾಕು, ಗೋಡೆಗೆ ಕೇಳುತ್ತದೆ. ತಾತನ ಎದುರಿಗೇ ಹೇಳುವಿರಾದರೆ ತಮ್ಮ ಧೈರ್ಯ, ನಾವು ಬಲವಂತ ಮಾಡುವುದಿಲ್ಲ.

ಇದನ್ನು ಮುಗಿಸುವ ಮೊದಲು ಇನ್ನೊಮ್ಮೆ ಗೋಡೆಗಿವಿ ಹಿಡಿದೆ. ನಿನ್ನೆ ಏನೂ ಇಲ್ಲದ ಕಡೆ ಇವತ್ತು ಯಾರೋ ಗಂಟಲು ಸರಿಮಾಡಿಕೊಂಡ ಸದ್ದಿದೆ.

ಹೇಳಿ ಅಜ್ಜಿ, ಚಿಕ್ಕಮ್ಮನನ್ನೂ ಕರೆದಿದ್ದೇನೆ.