ಕಣದಲ್ಲಿ ನಿಂತ ಲಾರಿಗಳು

ಗೊಟ್ಟಿಗೆರೆ, ಬೆಂಗಳೂರು
೧೨ ಫೆಬ್ರವರಿ ೨೦೨೫

ಪ್ರೀತಿಯ ಕೆಂಪಣ್ಣಾ,

ಹೇಗಿದ್ದೀಯ? ದಿಲ್ಲಿಯ ಚಳಿ ಇಳಿಯಿತೇ? ಅಮ್ಮ ಕೊಡಿಸಿದ ಉಣ್ಣೆ ಟೋಪಿ ಹಾಕಿಕೊಳ್ಳುತ್ತಿದ್ದೀಯೋ, ಆಫೀಸಿನವರು ನಗುತ್ತಾರೆಂದು ಬ್ಯಾಗಿನಲ್ಲೇ ಇಟ್ಟಿದ್ದೀಯೋ? ಫೋನಿರುವಾಗ ಇವಳಿಗೆ ಪತ್ರದ ಹುಚ್ಚೇಕೆ ಎನ್ನಬೇಡ. ನೀನು ಫೋನ್ ಮಾಡಿದರೆ ಅಪ್ಪ ಸ್ಪೀಕರ್ ಹಾಕಿ ಎದುರಿಗೇ ಕೂರುತ್ತಾರೆ. ಮೆಸೇಜ್ ಕಳಿಸಿದರೆ ನೀನು ಒಂದು ಹೆಬ್ಬೆರಳು ತೋರಿಸಿ ಮುಗಿಸುತ್ತೀಯ. ಇದನ್ನು ಬರೆಯಲು ಕೂತವಳು ಎಷ್ಟು ಸಲ ಎದ್ದೆನೋ. ಹೊಗೆ ಎಂದು ಕಿಟಕಿ ಹಾಕುತ್ತೇನೆ, ಸೆಕೆ ಎಂದು ತೆಗೆಯುತ್ತೇನೆ, ಮತ್ತೆ ಹಾಕುತ್ತೇನೆ.

ನೀನು ಮನೆಯ ಗ್ರೂಪಿಗೆ ಹಾಕಿದ ಫೋಟೋ ನೋಡಿದೆವು. ನಿನ್ನ ಹಿಂದಿನ ಪರದೆಯಲ್ಲಿ ಎರಡು ಗೆರೆಗಳು ಇಳಿಯುತ್ತಿದ್ದವು. ಲಾರಿಗಳು ಗೋಡೌನಿನಲ್ಲಿ ಕಾಯುವ ಸಮಯದ್ದು ಒಂದು, ಅವು ಬಿಡುವ ಹೊಗೆಯದ್ದು ಇನ್ನೊಂದು. ದೇಶದ ಸರಕು ಸಾಗಣೆ ಚುರುಕಾದರೆ ಹೊಗೆ ತಾನಾಗಿಯೇ ಕಡಿಮೆಯಾಗುತ್ತದೆ ಎನ್ನುವುದು ತಿಂಗಳ ಕೊನೆಯ ದೊಡ್ಡ ಸಭೆಯಲ್ಲಿ ನೀನು ಮಂಡಿಸಲಿರುವ ವಾದ. ಅದಕ್ಕೆ ಸಾಕ್ಷಿ ನಮ್ಮದೇ ಹೊಲದಲ್ಲಿ ಎದ್ದಿರುವ ಗೋಡೌನು. ಅಪ್ಪನನ್ನು ಹಿಡಿಯುವವರೇ ಇಲ್ಲ. ಕಂಡ ಡ್ರೈವರುಗಳಿಗೆಲ್ಲ ಫೋಟೋ ತೋರಿಸಿದರು. “ನನ್ ಮಗ ದೇಶದ್ ಲಾರಿ ಹೊಗೆನೆಲ್ಲ ಇಳಿಸ್ತಾವ್ನೆ ಕಣ್ರಪ್ಪ” ಎಂದು ಹೇಳುವಾಗ ಆ ಹೊಗೆಯಲ್ಲಿ ಅವರ ಮುಖವೇ ನನಗೆ ಸರಿಯಾಗಿ ಕಾಣಲಿಲ್ಲ.

ಅಣ್ಣಾ, ಗೋಡೌನಿನಲ್ಲಿ ಕಾಯುತ್ತಿದ್ದ ಲಾರಿಗಳೆಲ್ಲ ಎಲ್ಲಿಗೆ ಹೋದವು ಎಂದುಕೊಂಡೆ? ಮನೆ ಪಕ್ಕದ ನಮ್ಮ ಕಣಕ್ಕೆ ಬಂದಿವೆ. ನಿಮ್ಮ ಲೆಕ್ಕ ಶುರುವಾಗುವುದು ಲಾರಿ ಗೇಟು ದಾಟಿದ ಮೇಲಲ್ಲವೇ? ಅದಕ್ಕೇ ಮ್ಯಾನೇಜರು ಜಾಗ ಖಾಲಿಯಾಗುವವರೆಗೆ ಯಾವುದನ್ನೂ ಒಳಗೆ ಬಿಡುವುದಿಲ್ಲ. ಹಾಲು, ಐಸ್‌ಕ್ರೀಮು ಕೆಡಬಾರದೆಂದು ಇಂಜಿನ್ ಆರಿಸುವಂತೆಯೂ ಇಲ್ಲ. ಒಳಗಿದ್ದ ಹೊಗೆ ಹೊರಗೆ ಬಂತು, ನಿನ್ನ ಗೆರೆ ಇಳಿಯಿತು, ಅಷ್ಟೇ. “ಸ್ವಲ್ಪ ಹೊತ್ತು ನಿಲ್ಲಿಸ್ಕೊಳ್ಲಾ ಯಜಮಾನ್ರೇ” ಎಂದು ಮ್ಯಾನೇಜರು ಕೇಳಿದ್ದೇ ತಡ, ಅಪ್ಪ ಒಪ್ಪಿಬಿಟ್ಟರು. ಅವರ ಸ್ವಭಾವ ನಿನಗೆ ಗೊತ್ತಲ್ಲ, ಸುಗ್ಗಿಯಲ್ಲಿ ಕಣಕ್ಕೆ ಬಂದ ಯಾರನ್ನೂ ಒಂದು ಮೊರ ರಾಗಿ ಕೊಡದೆ ಕಳಿಸಿದವರಲ್ಲ. ಸುಗ್ಗಿ ನಿಂತು ಎಷ್ಟೋ ವರ್ಷವಾದರೂ “ಕಣಕ್ ಬಂದೋರ್ನ ಹೋಗು ಅನ್ನಬಾರ್ದು” ಎನ್ನುತ್ತಾರೆ. ಚಪ್ಪಲಿ ಹಾಕಿಕೊಂಡು ಕಣಕ್ಕೆ ಇಳಿದೆವೆಂದು ನಮ್ಮಿಬ್ಬರ ಬೆನ್ನಿಗೆ ಗುದ್ದಿದ್ದ ಮನುಷ್ಯ ಈಗ ಅದೇ ಕಣದಲ್ಲಿ ನಿಂತು ಲಾರಿಗೆ ರಿವರ್ಸ್ ಹೇಳುತ್ತಾರೆ. ನಗು ಬರುತ್ತದೆ, ಅಷ್ಟೇ ಸಿಟ್ಟೂ ಬರುತ್ತದೆ.

ಅಮ್ಮನ ಕೋಣೆಯ ಕಿಟಕಿ ಇರುವುದು ಕಣದ ಕಡೆಗೇ. ಮೊನ್ನೆ ಫೋನಿನಲ್ಲಿ ಅವಳ ದನಿ ಕೇಳಿ “ನೆಗಡೀನಾ?” ಎಂದೆಯಲ್ಲ, ನೆಗಡಿಯಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಜಯನಗರದ ಡಾಕ್ಟರಿಗೆ ತೋರಿಸಿದೆ. ಇನ್‌ಹೇಲರ್ ಕೊಟ್ಟು, ಹೊಗೆಯಿಂದ ದೂರ ಇಡದಿದ್ದರೆ ಯಾವ ಔಷಧವೂ ಹತ್ತುವುದಿಲ್ಲ ಎಂದರು. ಅಪ್ಪನಿಗಾಗಲಿ ನಿನಗಾಗಲಿ ಹೇಳಲು ಅವಳು ಬಿಡಲಿಲ್ಲ. “ನಿಮ್ಮಣ್ಣನ್ ಮೀಟಿಂಗ್ ಮುಗೀಲಿ ಕಣವ್ವ” ಎಂದು ಸೆರಗಿನಡಿ ಇನ್‌ಹೇಲರ್ ಬಚ್ಚಿಟ್ಟುಕೊಂಡು ಓಡಾಡುತ್ತಾಳೆ. ರಾತ್ರಿ ಕೆಮ್ಮು ನಿಂತರೆ ನೆಮ್ಮದಿಯಾಗಬೇಕಲ್ಲ, ನನಗೆ ಭಯವಾಗಿ ಎದ್ದು ಹೋಗಿ ನೋಡಿ ಬರುತ್ತೇನೆ.

ನಿನ್ನ ಮೇಲೆ ಕೋಪವಿಲ್ಲ. ಇಲ್ಲ, ಇದೆ. ಆದರೂ ನೀನು ವೇದಿಕೆಯ ಮೇಲೆ ನಿಂತು ಮಾತಾಡುವುದನ್ನು ನೋಡುವ ಆಸೆ ನನಗೂ ಇದೆ. ಈ ಪತ್ರ ಕೂಡ ಯಾವುದಾದರೂ ಲಾರಿ ಹತ್ತಿಯೇ ಬರಬೇಕು. ಅದು ದಾರಿಯಲ್ಲಿ ಯಾರ ಮನೆ ಮುಂದೆ ಕಾಯುತ್ತದೋ.

ಅಪ್ಪ ಅಮ್ಮನ ಆಶೀರ್ವಾದ ಸದಾ ನಿನ್ನ ಮೇಲಿದೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಜಗಳಗಂಟಿ ತಂಗಿ,
ಚೈತ್ರ

ವಿ.ಸೂ.: ಮೇಲಿನದೆಲ್ಲ ನಿನ್ನೆ ರಾತ್ರಿ ಬರೆದದ್ದು. ಇವತ್ತು ಬೆಳಗ್ಗೆ ಅಪ್ಪ ಬನಶಂಕರಿ ಗುಡಿಗೆ ಹೋಗಿದ್ದಾಗ ಕಣಕ್ಕೆ ಅಡ್ಡ ಸರಪಳಿ ಎಳೆದು ಬೀಗ ಹಾಕಿದೆ. ಬೀಗ ತಂದುಕೊಟ್ಟವಳು ಅಮ್ಮನೇ. ಲಾರಿಗಳು ರಸ್ತೆಗೆ ಅಡ್ಡವಾಗಿ, ಬಸ್ಸುಗಳು ಹಾರನ್ ಹೊಡೆದು, ಕೊನೆಗೆ ಮ್ಯಾನೇಜರು ಗೇಟು ತೆರೆದು ಎಲ್ಲವನ್ನೂ ಒಳಗೆ ಬಿಟ್ಟ. ಇವತ್ತಿನಿಂದ ನಿನ್ನ ಗೆರೆ ಮೇಲೇರುತ್ತದೆ ಅಣ್ಣಾ. ತಿಂಗಳ ಕೊನೆಯ ಸಭೆಯಲ್ಲಿ ಅದನ್ನು ಮುಚ್ಚಿಡಬೇಡ. ಗೇಟಿನ ಆಚೆ ನಿಂತದ್ದನ್ನೂ ಲೆಕ್ಕಕ್ಕೆ ಸೇರಿಸಿ ಎಂದು ನೀನೇ ಹೇಳು. ಇದೀಗ ಅಪ್ಪ ಬಂದರು. ಸರಪಳಿ ನೋಡಿದರು, ಬಾಗಿಲಲ್ಲಿ ಇನ್‌ಹೇಲರ್ ಹಿಡಿದು ನಿಂತ ಅಮ್ಮನನ್ನು ನೋಡಿದರು. ಚಪ್ಪಲಿ ಬಿಟ್ಟು, ಸರಪಳಿ ದಾಟಿ, ಕಣದೊಳಗೆ ಹೋಗಿ ನಿಂತಿದ್ದಾರೆ.